ಭಾವ ಕಾಣೆಯಾಗುವ ಹೊತ್ತು

ನಮ್ಮ ಭಾವನ ಬಾಯಿಗೆ ಬೀಗವಿಲ್ಲ. ಅವರ ಕ್ಷೌರದಂಗಡಿಯಲ್ಲಿ ಇರುವುದು ಎರಡೇ ಕುರ್ಚಿ, ಒಂದು ಅವರದು, ಇನ್ನೊಂದು ನನ್ನದು. ಆದರೆ ಜನ ಆ ಮಾತಿಗೆ ಮರುಳಾಗಿ, ಕಾದು ಕೂತಾದರೂ ಅವರ ಕೈಯಲ್ಲೇ ಮಾಡಿಸಿಕೊಳ್ಳುತ್ತಾರೆ. ನಾನು ನೊಣ ಹೊಡೆಯುತ್ತ ನಿಂತಿರುತ್ತೇನೆ. ಹೊಟ್ಟೆಕಿಚ್ಚಿಲ್ಲ ಅಂತ ಸುಳ್ಳು ಹೇಳಲಾರೆ. ಕತ್ತಿ ಗದ್ದದಿಂದ ಕೆಳಗಿಳಿದಾಗ ಮಾತ್ರ ಭಾವ ಗಪ್‌ಚಿಪ್. ಆಗ ಗಿರಾಕಿ ನಕ್ಕರೆ ಗತಿಯೇನು? ಅಕ್ಕನನ್ನು ಮದುವೆಯಾದ ಹೊಸದರಲ್ಲಿ ಅವರು ನನಗೆ ಕಲಿಸಿದ ಮೊದಲ ಪಾಠವೇ ಇದು.

ಹೋದ ವರ್ಷ ಒಂದು ಬೆಳಿಗ್ಗೆ, ಕತ್ತರಿಗೆ ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ಪಕ್ಕದ ಬೀದಿಗೆ ಹೋದವರು ಊಟದ ಹೊತ್ತು ಮೀರಿದ ಮೇಲೆ ಬಂದರು. ಕತ್ತರಿ ಮೊಂಡಾಗಿಯೇ ಇತ್ತು.

"ಎಲ್ಲಿ ಹೋಗಿದ್ರಿ ಭಾವ? ಗಿರಾಕಿಗಳು ನನ್ನ ತಲೆ ತಿಂದುಬಿಟ್ರು!" ಅಂತ ರೇಗಿದೆ.

"ಈಗ ತಾನೇ ಹೋದೆನಲ್ಲೋ," ಅಂದರು. ಗೋಡೆಯ ಗಡಿಯಾರ ನೋಡಿದವರೇ ಬಿಳುಚಿಕೊಂಡರು.

ಆಮೇಲೆ ಅದು ಮತ್ತೆ ಮತ್ತೆ ಆಯಿತು. ಬಸ್ಸು ಹತ್ತಿದ್ದು ನೆನಪಿರುತ್ತಿತ್ತು, ಮನೆ ಬಾಗಿಲು ತಟ್ಟಿದ್ದು ನೆನಪಿರುತ್ತಿತ್ತು. ನಡುವಿನ ಹೊತ್ತು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಅಕ್ಕ ಮೊದಮೊದಲು ಅವರ ಬಾಯಿ ಮೂಸಿ ನೋಡಿದಳು. ಕೊನೆಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. "ತಲೆಯಲ್ಲಿ ಏನೂ ಇಲ್ಲ" ಅಂದರು ಡಾಕ್ಟರು.

"ಅದು ನಂಗೆ ಮದುವೆಯಾದಾಗ್ಲೇ ಗೊತ್ತಿತ್ತು," ಅಂದಳು ಅಕ್ಕ. ಮೂವರೂ ನಕ್ಕೆವು. ಮನೆಗೆ ಬಂದ ಮೇಲೆ ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ನಾನಂತೂ ಅಂಗಡಿಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡೇ ಕೆಲಸ ಮಾಡುತ್ತಿದ್ದೆ. ಕತ್ತಿ ಹಿಡಿದಾಗಲೇ ಹಾಗಾಗಿಬಿಟ್ಟರೆ? ಯಾರದೋ ಗಂಟಲ ಮೇಲೆ ಭಾವ ಸುಮ್ಮನಾದಾಗಲೆಲ್ಲ ನನ್ನ ಕೆಲಸ ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದೆ. "ಭಾವ, ನೀವು ಬರೀ ಕತ್ತರಿ ಹಿಡೀರಿ. ಕತ್ತಿ ನಂಗೆ ಕೊಡಿ," ಅಂದುಬಿಟ್ಟೆ ಒಂದು ದಿನ.

ಕೆಂಡಾಮಂಡಲವಾದರು. "ಕತ್ತಿ ಬಿಟ್ರೆ ನಾನ್ಯಾವ ಸೀಮೆ ಕ್ಷೌರಿಕನೋ? ಮಾತಾಡ್ತಾ ಇದ್ರೆ ನಾನೆಲ್ಲೂ ಹೋಗಲ್ಲ. ಸುಮ್ಮನಿದ್ದಾಗ್ಲೇ ಅದು ಆಗೋದು."

ಅಂದಿನಿಂದ ಗಂಟಲ ಮೇಲೂ ಮಾತು ನಿಲ್ಲಿಸಲಿಲ್ಲ. ತಾವೇ ಕಲಿಸಿದ ಪಾಠವನ್ನು ತಾವೇ ಗಾಳಿಗೆ ತೂರಿದರು. ಗಿರಾಕಿಗಳು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಹೀಗಿರುವಾಗ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ಕೂತರು. ಭಾವ ತಮ್ಮ ಮಾವನ, ಅಂದರೆ ನಮ್ಮಪ್ಪನ, ಗೊರಕೆಯ ಸುದ್ದಿ ಎತ್ತಿದರು. ಮೇಷ್ಟ್ರು ಕಿಸಕ್ಕನೆ ನಕ್ಕರು. ಬಿಳಿ ನೊರೆಯಲ್ಲಿ ಕೆಂಪು ಗೆರೆ ಎದ್ದಿತು.

"ಏನಿಲ್ಲಪ್ಪ, ಗೀರು ಅಷ್ಟೆ," ಅಂದರು ಮೇಷ್ಟ್ರು, ಟವೆಲ್ ಒತ್ತಿ ಹಿಡಿದು. ಭಾವ ಕತ್ತಿ ತೊಳೆದು, ಒರೆಸಿ, ನನ್ನ ಕೈಯಲ್ಲಿಟ್ಟರು.

ಮರುದಿನ ಅಂಗಡಿ ತೆರೆದ ಕೂಡಲೇ ನನ್ನ ಕುರ್ಚಿಗೆ ಬಂದು ಕೂತರು. "ಇವತ್ತಿನ ಬೋಣಿ ನಾನೇ. ನಿನ್ನ ಕೈ ಹೇಗಿದೆ ನೋಡೋಣ."

"ಗೀರಿದ್ರೆ ಅಕ್ಕನ ಹತ್ರ ಚಾಡಿ ಹೇಳ್ಬಾರ್ದು ಮತ್ತೆ."

ನಗುತ್ತ ಕತ್ತು ಹಿಂದಕ್ಕೆ ಚಾಚಿದರು. ನನಗೆ ಎಷ್ಟೋ ದಿನದ ಮೇಲೆ ನೆಮ್ಮದಿ. ಕತ್ತಿ ಅವರ ಕೈ ಬಿಟ್ಟಿತಲ್ಲ, ಇನ್ನು ಗಂಡಾಂತರವಿಲ್ಲ ಅಂದುಕೊಂಡೆ. ಕೆನ್ನೆ, ಗದ್ದ, ಗಂಟಲು ಎಲ್ಲ ಮುಗಿಸಿ, ಮುಖ ಒರೆಸಿದೆ. "ಹೇಗಿದೆ ಭಾವ?"

ಅವರು ಕಣ್ಣು ಬಿಟ್ಟುಕೊಂಡೇ ಇದ್ದರು. ಕನ್ನಡಿಯಲ್ಲಿ ನನ್ನನ್ನೇ ನೋಡಿದರು.

"ಏನೋ, ಹೆದರಿಬಿಟ್ಯಾ? ಶುರು ಮಾಡೋ," ಅಂದರು.

ಕ್ಷೌರ ಆಗಲೇ ಮುಗಿದದ್ದು ಅವರಿಗೆ ತಿಳಿಯಬಾರದು. ಅವರ ಕೈ ಕೆನ್ನೆಗೆ ಹೋಗುವ ಮೊದಲೇ ಬ್ರಷ್ ಎತ್ತಿಕೊಂಡು ಮತ್ತೆ ನೊರೆ ಹಚ್ಚಿದೆ.