ಅಂಟಿನ ವಿದ್ಯೆ ಕಲಿತ ನನ್ನ ಓರಗಿತ್ತಿ

ನನ್ನ ಓರಗಿತ್ತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದಳು. ಲೋಕವನ್ನು ನೋಡುವುದು ಮಾತ್ರ ತನ್ನ ಮೂಗಿನ ನೇರಕ್ಕೇ.

ಭಾವನವರು ಲಿಫ್ಟ್ ರಿಪೇರಿ ಮಾಡುವವರು. ಮೈತುಂಬ ಗ್ರೀಸು, ಬಾಯ್ತುಂಬ ಮೌನ. ಅವರು ಫೋನ್ ಎತ್ತದಿದ್ದರೆ ಇವಳಿಗೆ ಜೀವವೇ ಹೋದಂತೆ. ಎತ್ತಿದೊಡನೆ, "ಎಲ್ಲಿದೀರಿ? ಯಾರ ಜೊತೆ ಇದೀರಿ?" ಜೊತೆಯ ಕೆಲಸಗಾರರು ಅವಳಿಗೆ 'ಎಲ್ಲಿದೀರಿ' ಎಂದೇ ಹೆಸರಿಟ್ಟಿದ್ದರು. ಮಗಳು ಬಚ್ಚಲುಮನೆಯಲ್ಲಿ ಸ್ವಲ್ಪ ತಡಮಾಡಿದರೂ ಬಾಗಿಲು ಬಡಿಯುವ ಪೈಕಿ.

ಹೆಂಗಸರಿಗಾಗಿ ಸಂಬಂಧಗಳ ಶಿಬಿರ ನಡೆಯುತ್ತದೆಂದು ಯಾರೋ ಹೇಳಿದರು. ನನ್ನನ್ನೂ ಎಳೆದುಕೊಂಡು ಹೋದಳು. ಬಣ್ಣದಂಗಡಿಯ ಮಹಡಿ, ಟರ್ಪೆಂಟೈನ್ ವಾಸನೆ, ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಶಿಬಿರದಾಕೆ ಮೆತ್ತಗೆ ಹೇಳಿದರು: "ಚಿಕ್ಕಂದಿನಲ್ಲಿ ಅಮ್ಮನ ಮಡಿಲು ಒಮ್ಮೆ ಸಿಕ್ಕಿ ಒಮ್ಮೆ ಸಿಗದೇ ಹೋದ್ರೆ, ದೊಡ್ಡವರಾದ ಮೇಲೂ ಆ ಭಯ ಹೋಗಲ್ಲ. ಕೆಲವರು ಅಂಟ್ಕೋತಾರೆ. ಕೆಲವರು ಯಾರೂ ಬೇಡ ಅಂತ ದೂರ ಸರೀತಾರೆ. ನೆಮ್ಮದಿಯಾಗಿರೋರು ಹತ್ರಾನೂ ಬರ್ತಾರೆ, ಬಿಟ್ಟೂ ಇರ್ತಾರೆ."

ಓರಗಿತ್ತಿ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಕಾಯಿಲೆಬಿದ್ದಾಗ ಇವಳನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರಂತೆ. ದಿನವಿಡೀ ಕಿಟಕಿ ಸರಳು ಹಿಡಿದು ನಿಂತಿರುತ್ತಿದ್ದಳಂತೆ. ಅದು ಸುಳ್ಳಲ್ಲ. ಅವತ್ತು ಅವಳ ಬೆನ್ನು ಸವರಿದವಳು ನಾನೇ. ಇನ್ನಾದರೂ ಬದಲಾದಾಳು ಎಂದುಕೊಂಡೆ.

ಎಲ್ಲಿಯ ಬದಲಾವಣೆ! ಮೊದಲು ಫೋನ್ ಮಾಡಿ ಬೈಯುತ್ತಿದ್ದವಳು ಈಗ ಫೋನ್ ಮಾಡಿ ಪಾಠ ಹೇಳತೊಡಗಿದಳು.

"ಇದು ಅನುಮಾನ ಅಲ್ಲ ರೀ. ನನ್ನೊಳಗಿನ ಮಗು ಕೂಗ್ತಿದೆ."

"ಲಿಫ್ಟಲ್ಲಿ ಜನ ಸಿಕ್ಕಾಕ್ಕೊಂಡಿದಾರೆ ಅಂತ ಆ ಮಗೂಗೆ ಹೇಳು," ಎಂದು ಭಾವ ಫೋನಿಟ್ಟರಂತೆ. ಅಂದಿನಿಂದ ಅವರು 'ದೂರ ಸರಿಯೋ ಜಾತಿ'. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುವ ನಾನೂ ಅದೇ ಜಾತಿ. ಅವಳೊಬ್ಬಳೇ ಎಲ್ಲವನ್ನೂ ಅರಿತವಳು.

ಅರ್ಧ ಕಲಿತವರ ಅಬ್ಬರ ಜಾಸ್ತಿ. ಆ ಶಿಬಿರದಾಕೆ ಊರು ಬಿಟ್ಟ ಮೇಲೆ ಅದೇ ಮಹಡಿಯಲ್ಲಿ ಇವಳೇ ಶಿಬಿರ ಶುರುಮಾಡಿದಳು. ಮಾತಿನ ಮಲ್ಲಿ, ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳಿದರು.

ಅಷ್ಟರಲ್ಲಿ ಮಗಳು ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಗೆಳತಿಯ ಜೊತೆ ರೂಮ್ ಮಾಡಿಕೊಂಡಿರುತ್ತೇನೆ ಎಂದಳು. "ಮೊದಲು ನನ್ನ ಶಿಬಿರಕ್ಕೆ ಬಾ, ಆಮೇಲೆ ನೋಡೋಣ," ಎಂದಳು ತಾಯಿ. ಹುಡುಗಿ ನನ್ನನ್ನು ಜೊತೆಗೆ ಕರೆದುಕೊಂಡು ಬಂದಳು. ಸರದಿ ಬಂದಾಗ ಎದ್ದು ನಿಂತಳು.

"ಫೋನ್ ಗುಂಯ್ ಅಂದ್ರೆ ಚೀಲದೊಳಗೆ ತುರುಕಿಬಿಡ್ತೀನಿ. ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅಮ್ಮಾ, ನಾನು ನಿನ್ನ ಬಿಟ್ಟು ಹೋಗ್ತಿಲ್ಲ. ಬೇರೆ ಇರ್ತೀನಿ, ಅಷ್ಟೆ. ವಾರ ವಾರ ಬರ್ತೀನಿ."

ಹೆತ್ತ ಕರುಳಾದರೆ ಎದ್ದು ಬಂದು ತಬ್ಬಿಕೊಳ್ಳಬೇಕಿತ್ತು. ಇವಳು ನಕ್ಕು ಹೆಂಗಸರತ್ತ ತಿರುಗಿದಳು.

"ನೋಡಿದ್ರಾ? ದೂರ ಸರಿಯೋರು ಅಂದ್ರೆ ಹೀಗೇ. ಎಷ್ಟು ಚೆನ್ನಾಗಿ ತೋರಿಸಿಕೊಟ್ಳು!"

ಯಾವಳೋ ಚಪ್ಪಾಳೆ ತಟ್ಟಿದಳು. ಕುರಿಗಳ ಹಾಗೆ ಉಳಿದವರೂ ತಟ್ಟಿದರು. ಹುಡುಗಿಯ ಮುಖ ಕೆಂಪಾಯಿತು.

"ಚಿಕ್ಕಮ್ಮ, ಹೋಗೋಣ್ವಾ?"

ಇಬ್ಬರೂ ಮೆಟ್ಟಿಲಿಳಿದೆವು. ಆ ವಾರವೇ ಅವಳು ರೂಮಿಗೆ ಹೋದಳು. ಹಾಸಿಗೆ ಹೊತ್ತು ಕೊಟ್ಟವರು ಭಾವ.

ಈಗ ಓರಗಿತ್ತಿ ಪ್ರತಿ ಶಿಬಿರದಲ್ಲೂ "ನನ್ನ ಸ್ವಂತ ಮಗಳೇ…" ಎಂದು ಶುರುಮಾಡಿ ಕಣ್ಣೊರೆಸಿಕೊಳ್ಳುತ್ತಾಳೆ. ತಡೆಯಲಾರದೆ ಒಮ್ಮೆ ಕೇಳಿದೆ: "ಅಕ್ಕ, ಅವಳಿರೋದು ಎರಡು ಬೀದಿ ಆಚೆ. ಹೋಗಿ ನೋಡ್ಕೊಂಡು ಬರಬಾರ್ದಾ?"

"ಅವಳಿಗೆ ಹತ್ತಿರದೋರು ಅಂದ್ರೆ ಭಯ ಕಣೇ. ಒತ್ತಾಯ ಮಾಡಬಾರ್ದು."

ಹಾಗೆಂದು ಉಪದೇಶಿಸಿದ ಮಹಾತಾಯಿ ಫೋನ್ ಮಾಡುವುದನ್ನೇನೂ ಬಿಟ್ಟಿಲ್ಲ.

ಕಳೆದ ಭಾನುವಾರ ಹುಡುಗಿ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಳು. ಕಾಲಿಡಲು ಜಾಗವಿಲ್ಲದ ರೂಮಿನಲ್ಲಿ ಚಾಪೆ ಹಾಸಿ, ಅಮ್ಮನಿಗೆಂದು ಗೋಡೆಯ ಪಕ್ಕ ದಿಂಬಿಟ್ಟು ಕಾಯುತ್ತಿದ್ದಳು. ಭಾವ ಒಬ್ಬರೇ ಬಂದರು.

"ಅಮ್ಮ?"

"ಶಿಬಿರ ಇದೆಯಂತೆ ಮಗಳೇ."

ಅವಳು ತಟ್ಟೆ ಹಾಕತೊಡಗಿದಳು. ಆ ದಿಂಬಿಗೆ ನಾನು ಒರಗಿ ಕೂತೆ. ಊಟ ರುಚಿಯಾಗಿತ್ತು, ಎರಡು ಸಲ ಬಡಿಸಿಕೊಂಡೆ.