ಅತ್ತೆಯ ಪಕ್ಕದಲ್ಲಿ ನಿಂತವಳು

ಹೋದ ತಿಂಗಳು ರಾಮಕೃಷ್ಣನಗರದ ನಮ್ಮ ಪಕ್ಕದ ಮನೆಯವರು ಹಳೆಯ ಬೀಟೆ ಮಂಚವೊಂದನ್ನು ಕೊಯ್ಸಿ ಟೀಪಾಯಿ ಮಾಡಿಸುತ್ತಿದ್ದರು. ಇಂಥ ಬುದ್ಧಿ ಇವರಿಗೆ ಎಲ್ಲಿಂದ ಬರುತ್ತದೋ ಎಂದು ಬೈದುಕೊಳ್ಳುತ್ತ ಕಿಟಕಿ ಮುಚ್ಚಲು ಹೋದವಳು ಹಾಗೇ ನಿಂತುಬಿಟ್ಟೆ. ಗರಗಸದ ಕಡೆಯಿಂದ ಆ ವಾಸನೆ ಬರುತ್ತಿತ್ತು. ಬೀಟೆ ಮರದ ಹೊಸ ಪುಡಿಯಲ್ಲಿ ಒಂದು ಬಗೆಯ ಸಿಹಿಯಿದೆ, ಮೂಗಿನ ತುದಿಗೆ ತಾಗುವ ಸ್ವಲ್ಪ ಕಾರವೂ ಇದೆ. ಅದರ ಜೊತೆಗೆ ಅರಗಿನ ಪಾಲಿಶು, ದೀಪದ ಮಸಿ, ಒಲೆಯ ಮೇಲೆ ಕುದಿಯುವ ಅಂಟು, ಇಷ್ಟನ್ನೂ ಸೇರಿಸಿದರೆ ಮಂಡಿ ಮೊಹಲ್ಲಾದ ನಮ್ಮ ಮನೆಯಾಗುತ್ತದೆ. ಈಗ ಆ ಜಾಗದಲ್ಲಿ ಬಟ್ಟೆ ಅಂಗಡಿಯಿದೆ. ನಾನು ಅಲ್ಲಿಗೆ ಹೋಗಿ ಬಹಳ ವರ್ಷವಾಯಿತು, ಹೋಗುವ ಆಸೆಯೂ ಇಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರುತ್ತದೆ, ಆದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ತಾತ ಹಳ್ಳಿಯ ಹೊಲ ಬಿಟ್ಟು ಬಂದು ಬೀಟೆ ಮರದ ಕೆತ್ತನೆಯ ಕಾರ್ಖಾನೆ ಸೇರಿದ್ದರು. ಅಪ್ಪ ಅದೇ ಕೆಲಸ ಕಲಿತು, ಆಮೇಲೆ ಯಾರೂ ಮಾಡದ ಒಂದು ಕೆಲಸಕ್ಕೆ ಬಿದ್ದರು. ಆಗಿನ ಸ್ಟುಡಿಯೋ ಕ್ಯಾಮರಾಗಳೆಂದರೆ ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡ ಮರದ ಪೆಟ್ಟಿಗೆಗಳು. ಅವುಗಳ ಲೆನ್ಸು ನೇರವಾಗಿ ಪೆಟ್ಟಿಗೆಗೆ ಕೂರುವುದಿಲ್ಲ. ಅಂಗೈಯಗಲದ ಚೌಕ ಹಲಗೆಯೊಂದರ ನಡುವೆ ದುಂಡಗೆ ತೂತು ಕೊಯ್ದು, ಅದಕ್ಕೆ ಲೆನ್ಸು ಬಿಗಿದು, ಆ ಹಲಗೆಯನ್ನು ಕ್ಯಾಮರಾದ ಮುಖಕ್ಕೆ ಸಿಕ್ಕಿಸಬೇಕು. ಕ್ಯಾಮರಾಗಳು ಬಿಲಾತಿಯವು, ನಮ್ಮ ಬಿಸಿಲಿಗೆ ಹಲಗೆ ಸೊಟ್ಟಗಾಗುತ್ತಿತ್ತು, ಸೀಳುತ್ತಿತ್ತು. ಹೊಸದು ಅಲ್ಲಿಂದ ಬರುವ ಕಾಲ ಮುಗಿದಿತ್ತು. ಹಾಗಾಗಿ ಸ್ಟುಡಿಯೋದವರೆಲ್ಲ ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಎರಡು ತೆಳು ಪದರಗಳನ್ನು ಮರದ ಎಳೆ ಒಂದಕ್ಕೊಂದು ಅಡ್ಡವಾಗುವಂತೆ ಅಂಟಿಸಿ, ಕ್ಯಾಮರಾಕ್ಕೆ ಬಿಗಿಯಾಗಿ ಕೂರುವಂತೆ ಅಂಚನ್ನು ಮೆಟ್ಟಿಲಿನ ಹಾಗೆ ಕೊರೆದು, ಒಳಮೈಗೆ ದೀಪದ ಮಸಿ ಬಳಿಯುತ್ತಿದ್ದರು. ಕೂದಲೆಳೆಯಷ್ಟು ಬೆಳಕು ನುಸುಳಿದರೂ ಆ ಹಲಗೆ ಹಂಡೆಯ ಒಲೆಗೆ ಹೋಗುತ್ತಿತ್ತು. ಹಳೆಯ ಹಲಗೆಗೂ ಅದೇ ಗತಿ. ಅಳತೆ ತೆಗೆದುಕೊಂಡ ಮೇಲೆ ಅದನ್ನು ಮುರಿದು ಒಲೆಗೆ ಹಾಕಿಬಿಡುತ್ತಿದ್ದರು, ಮತ್ತೆ ಯಾರಾದರೂ ಅದನ್ನೇ ಸಿಕ್ಕಿಸಿಕೊಂಡು ಅಪ್ಪನ ಹೆಸರು ಕೆಡಿಸಬಾರದೆಂದು.

ಹೊಸ ಹಲಗೆಯ ಪರೀಕ್ಷೆ ನಡೆಯುತ್ತಿದ್ದುದು ನಡುಮನೆಯಲ್ಲಿ. ಬಾಗಿಲು ಹಾಕಿ, ಕಿಟಕಿಗೆ ಕಪ್ಪು ಕಂಬಳಿ ಬಿಗಿದು, ಅದರಲ್ಲಿದ್ದ ಕಿಂಡಿಗೆ ಲೆನ್ಸಿನ ಸಮೇತ ಹಲಗೆಯನ್ನು ಸಿಕ್ಕಿಸುವರು. ಒಳಗೆ ಅಪ್ಪ ಎಣ್ಣೆ ಕಾಗದದ ಚೌಕಟ್ಟು ಹಿಡಿದು ನಿಂತರೆ ಅದರ ಮೇಲೆ ನಮ್ಮ ಬೀದಿ ಬಂದು ಬೀಳುತ್ತಿತ್ತು, ತಲೆಕೆಳಗಾಗಿ. ಮೇಲೆ ನೆಲ, ಕೆಳಗೆ ಆಕಾಶ. ನಡುವೆ ಜಟಕಾ, ಸೊಪ್ಪಿನವಳು, ಮಸೀದಿಗೆ ಹೋಗುವ ಸಾಹೇಬರು, ಎಲ್ಲರೂ ತಲೆ ಕೆಳಗೆ ಮಾಡಿಕೊಂಡು ನಡೆದು ಹೋಗುವರು. ಹಗಲು ಹೊತ್ತಿನಲ್ಲೇ ಮೈ ಜುಮ್ಮೆನ್ನುತ್ತಿತ್ತು. ನಾನು ಅಪ್ಪನ ಪಂಚೆ ಹಿಡಿದುಕೊಂಡೇ ನೋಡುತ್ತಿದ್ದೆ. ದೇವೀರತ್ತೆ ಮಾತ್ರ ಗೋಡೆಗೊರಗಿ ಕೂತು, ಕಣ್ಣು ಮಿಟುಕಿಸದೆ ಆ ಬೀದಿಯನ್ನು ನೋಡುತ್ತಿದ್ದಳು. ಯಾರನ್ನೋ ಕಾಯುತ್ತಿದ್ದಾಳೆ ಅನಿಸುತ್ತಿತ್ತು.

ದೇವೀರತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಮಗಳು ರತ್ನಳನ್ನು ಕರೆದುಕೊಂಡು ತಮ್ಮನ ಮನೆಗೆ ಬಂದವಳು. ರತ್ನ ನನಗಿಂತ ಸ್ವಲ್ಪ ದೊಡ್ಡವಳು. ಮೈಮೇಲೆ ಸಿಡುಬು ಎದ್ದು ಒಂದು ಬೇಸಿಗೆಯಲ್ಲಿ ಹೋಗಿಬಿಟ್ಟಳು. ಅವಳದೊಂದು ಫೋಟೊ ಇರಲಿಲ್ಲ. ದಿನಾ ಕ್ಯಾಮರಾಗಳು ಬಂದು ಹೋಗುವ ಮನೆಯಲ್ಲಿ ಹೀಗಾದದ್ದು ನಮ್ಮಜ್ಜಿಯಿಂದ. ಮಕ್ಕಳ ಫೋಟೊ ಹಿಡಿಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅಜ್ಜಿ ಸಾಯುವವರೆಗೂ ಹಟ ಹಿಡಿದಿದ್ದರು, ಅವರು ಹೋದ ಮೇಲೆ ಆ ಹಟವನ್ನು ಅಮ್ಮ ಹಿಡಿದಿದ್ದಳು. ಅತ್ತೆ ರತ್ನಳ ಮುಖವನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದಳು. ಅದು ದಿನದಿನಕ್ಕೆ ಮಾಸುತ್ತಿದೆ ಎಂದು ಅಳುತ್ತಿದ್ದಳು.

ಹೀಗಿರುವಾಗ ಶಿವರಾಂಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಚಿಕ್ಕಣ್ಣನವರು ತಮ್ಮ ಕ್ಯಾಮರಾ ಹೊರಿಸಿಕೊಂಡು ಬಂದರು. ತೆಗೆದ ಪಟಗಳಲ್ಲೆಲ್ಲ ಕೂತವರ ಪಕ್ಕದಲ್ಲಿ ಬೆಳ್ಳಗೆ ಏನೋ ಬೀಳುತ್ತಿದೆ ಎಂದು ಒಂದು ಪಟ ತೋರಿಸಿದರು. ಯಾರೋ ಗಂಡ ಹೆಂಡತಿ, ಅವರ ಪಕ್ಕದಲ್ಲಿ ಚಿಕ್ಕ ಮಗುವಿನೆತ್ತರಕ್ಕೆ ಒಂದು ಬಿಳಿ ಮಬ್ಬು. ಮುಖವಿಲ್ಲ, ಕೈಯಿಲ್ಲ, ಆದರೂ ನಿಂತ ಹಾಗಿತ್ತು. ಅಪ್ಪ ಹಲಗೆ ಬಿಚ್ಚಿ ಬಿಸಿಲಿಗೆ ಹಿಡಿದು, ಮೂಲೆಯಲ್ಲಿದ್ದ ಸೀಳನ್ನು ತೋರಿಸಿ ನಕ್ಕರು. ಅಲ್ಲಿಂದ ಬೆಳಕು ಸೋರಿ, ಪಟ ಮೂಡುವ ಗಾಜಿನ ಪ್ಲೇಟಿನ ಮೇಲೆ ಬೀಳುತ್ತಿತ್ತು, ಅಷ್ಟೇ. ಚಿಕ್ಕಣ್ಣನವರು ಹೊಸ ಹಲಗೆಗೆಂದು ಕ್ಯಾಮರಾವನ್ನೂ ಆ ಪಟವನ್ನೂ ಅಲ್ಲೇ ಬಿಟ್ಟು ಹೋದರು. ಮಾರನೆಯ ದಿನ ಕಸ ಗುಡಿಸುವಾಗ ಅದು ಅತ್ತೆಯ ಕೈಗೆ ಸಿಕ್ಕಿತು.

ಅವಳು ಪಟ ಹಿಡಿದುಕೊಂಡು ಅಪ್ಪನ ಮುಂದೆ ಬಂದು ನಿಂತ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ಲೋ, ಈ ಕ್ಯಾಮರದಾಗೆ ಹೋದೋರು ಬೀಳ್ತಾರೆ ಕಣೋ. ನನ್ನ ಒಂದು ಸತಿ ಕೂರಿಸಿ ತೆಗೆಸಿಬುಡು. ಆಮೇಲೆ ಅದೇನು ಹಲಗೆ ಹಾಕ್ತೀಯೋ ಹಾಕ್ಕೋ."

ಅಪ್ಪ ಸೀಳಿನ ವಿಷಯ ಹೇಳಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಹಳೆಯ ಹಲಗೆ ಎಲ್ಲಿ ಎಂದಳು. ಅಪ್ಪ ಬಚ್ಚಲ ಕಡೆ ನೋಡಿದರು. ಬೆಳಿಗ್ಗೆ ನಾವೆಲ್ಲ ಸ್ನಾನ ಮಾಡಿದ್ದು ಆ ಹಲಗೆಯೂ ಸೇರಿ ಉರಿದ ಒಲೆಯ ನೀರಿನಲ್ಲಿ. ಅತ್ತೆ ಕೂಗಾಡಲಿಲ್ಲ. "ನನ್ನ ಮಗೀನ ಎಲ್ಡನೇ ಸತಿ ಸುಟ್ಟುಬುಟ್ಟೆಯಲ್ಲೋ" ಎಂದು ಮೆಲ್ಲಗೆ ಹೇಳಿ ಒಳಗೆ ಹೋಗಿ ಮಲಗಿದಳು. ಆಮೇಲೆ ಊಟಕ್ಕೆ ಏಳಲಿಲ್ಲ. ತುತ್ತು ಬಾಯಿಗಿಟ್ಟರೆ ಹಾಗೇ ಉಳಿಯುತ್ತಿತ್ತು. ಅಕ್ಕ ಹೀಗೇ ಹೋಗಿಬಿಡುತ್ತಾಳೆ ಎಂದು ಅಪ್ಪ ನಿಜವಾಗಿ ಹೆದರಿದರು. ಕೊನೆಗೆ ಅವರು ತಮ್ಮ ಜನ್ಮದಲ್ಲಿ ಮಾಡದ ಕೆಲಸವನ್ನು ಮಾಡಿದರು.

ಹೊಸ ಹಲಗೆಯನ್ನು ಕ್ಯಾಮರಾಕ್ಕೆ ಹಾಕಿದ ಮೇಲೆ ಮನೆಯ ದೊಡ್ಡವರೊಬ್ಬರನ್ನು ಹಿತ್ತಿಲಲ್ಲಿ ಕೂರಿಸಿ ಒಂದು ಪಟ ತೆಗೆದು ನೋಡುವುದು ನಮ್ಮಲ್ಲಿ ರೂಢಿ. ಆ ಸಲ ಅಪ್ಪ ಅತ್ತೆಯ ಹತ್ತಿರ ಹೋಗಿ, ಸೀಳು ಬೇಕಿಲ್ಲ, ಬರುವವರು ಹೇಗಿದ್ದರೂ ಬರುತ್ತಾರೆ, ಕೂತು ನೋಡು ಎಂದರು. ಅತ್ತೆ ಎದ್ದಳು, ಮುಖ ತೊಳೆದಳು. ಅಮ್ಮ ಅವತ್ತು ಕೆಸರೆಯ ತವರಿಗೆ ಹೋಗಿದ್ದಳು. ಅತ್ತೆಯನ್ನು ಸೀಬೆ ಮರದ ನೆರಳಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಲೆನ್ಸನ್ನೇ ನೋಡಬೇಕು, ಕತ್ತು ಅಲ್ಲಾಡಿಸಬಾರದು ಎಂದು ಹೇಳಿದರು. ಆಗಿನ ಪ್ಲೇಟಿಗೆ ನೆರಳಿನಲ್ಲಿ ತೆಗೆದರೆ ಲೆನ್ಸಿನ ಮುಚ್ಚಳವನ್ನು ಬಹಳ ಹೊತ್ತು ತೆಗೆದಿಟ್ಟಿರಬೇಕು. ಅಷ್ಟು ಹೊತ್ತೂ ನಿಂತವರು ನಿಚ್ಚಳವಾಗಿ ಬೀಳುತ್ತಾರೆ. ಅರ್ಧಕ್ಕೇ ಸರಿದು ಹೋದವರು ಹೊಗೆಯ ಹಾಗೆ ಬೀಳುತ್ತಾರೆ, ಅವರ ಬೆನ್ನ ಹಿಂದಿನ ಗೋಡೆ ಅವರ ಮೈಯೊಳಗಿಂದ ಕಾಣುತ್ತದೆ. ಇದು ಅಪ್ಪನಿಗೂ, ಕ್ಯಾಮರಾ ಒಯ್ಯಲು ಬಂದಿದ್ದ ಚಿಕ್ಕಣ್ಣನವರಿಗೂ ಗೊತ್ತಿತ್ತು. ರತ್ನಳ ಬಿಳಿ ಲಂಗ ಉಡಿಸಿ ನನ್ನನ್ನು ಮರದ ಹಿಂದೆ ಬಚ್ಚಿಟ್ಟಿದ್ದರು. ಚಿಕ್ಕಣ್ಣನವರು ಮುಚ್ಚಳಕ್ಕೆ ಕೈ ಹಾಕುವ ಮೊದಲು ಅಪ್ಪ ಕಣ್ಸನ್ನೆ ಮಾಡಿದರು. ನಾನು ಬರಿಗಾಲಲ್ಲಿ ಬಂದು ಅತ್ತೆಯ ಪಕ್ಕ, ಒಂದು ಹೆಜ್ಜೆ ಹಿಂದೆ ನಿಂತೆ. ಉಸಿರು ಕೇಳಿಸಬಾರದೆಂದು ತಡೆದು ತಡೆದು ಬಿಟ್ಟೆ. ಅಪ್ಪ ಮತ್ತೆ ಕಣ್ಸನ್ನೆ ಮಾಡಿದಾಗ ಹಿಂದಕ್ಕೆ ಸರಿದು ಮರದ ಮರೆಗೆ ಹೋದೆ.

ಪಟ ಬಂತು, ಅತ್ತೆಯ ಪಕ್ಕದಲ್ಲಿ ಮುಖ ಗುರುತು ಸಿಗದ ಒಂದು ಹೊಗೆಯ ಹುಡುಗಿ. ಅತ್ತೆ ಅದನ್ನು ನೋಡಿ ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು, ಆ ದಿನ ಸಾರು ಅನ್ನ ಬಡಿಸಿಕೊಂಡು ಉಂಡಳು. ಅಪ್ಪ ಅದಕ್ಕೆ ಬೀಟೆಯ ಚೌಕಟ್ಟು ಹಾಕಿಕೊಟ್ಟರು. ನಡುಮನೆಯ ಗೋಡೆಯಲ್ಲಿ ಅದು ನಿಂತಿತು. ಹುಡುಗಿ ನಿಂತ ಕಡೆಗೆ ದಿನಾ ಮಲ್ಲಿಗೆ ಹಾರ, ಕುಂಕುಮ, ಸಂಜೆಗೆ ದೀಪ. ಅತ್ತೆ ಅದರ ಜೊತೆ ಮಾತಾಡಲು ಶುರು ಮಾಡಿದಳು. "ರತ್ನಾ, ಉಂಡ್ಯೇನವ್ವ?" ಎನ್ನುವಳು. ಪಕ್ಕದ ಕೋಣೆಯಲ್ಲಿ ಲೆಕ್ಕ ಬರೆಯುತ್ತ ಕೂತ ನಾನು, ನನಗೇ ಗೊತ್ತಿಲ್ಲದೆ, "ಹ್ಞೂಂ" ಎಂದುಬಿಡುತ್ತಿದ್ದೆ. ಒಂದೆರಡು ಸಲ ಹಾಗಾದ ಮೇಲೆ ನನಗೆ ಭಯ ಹತ್ತಿತು. ಆ ಹಾರದೊಳಗಿಂದ ನೋಡುತ್ತಿದ್ದುದು ನಾನು. ನನ್ನ ಹೊಟ್ಟೆಯೊಳಗಿಂದ ಹಿತ್ತಿಲ ಗೋಡೆಯ ಇಟ್ಟಿಗೆ ಕಾಣುತ್ತಿತ್ತು. ಅಪ್ಪ ಕಣ್ಸನ್ನೆ ಮಾಡಿದಾಗ ನಾನು ಪೂರ್ತಿ ಆಚೆ ಬಂದೆನೋ, ಒಂದಿಷ್ಟು ಅಲ್ಲೇ ಉಳಿದೆನೋ ಎಂದು ಯೋಚಿಸುತ್ತ ಕೈಬೆರಳು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದೆ. ಯಾರಿಗೂ ಹೇಳುವಂತಿರಲಿಲ್ಲ.

ಆ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಇಳಿಯದ ಜ್ವರ. ನಡುಮನೆಯಲ್ಲೇ ಹಾಸಿಗೆ ಹಾಕಿದ್ದರು, ಕಣ್ಣು ಬಿಟ್ಟರೆ ಎದುರಿಗೆ ಅದೇ ಪಟ, ದೀಪ, ನನ್ನ ಮುಖದ ಮೇಲೆ ಹಾರ. ಡಾಕ್ಟರು ಬಂದರು, ಹೋದರು. ಜ್ವರದಲ್ಲಿ ನಾನು ಏನು ಬಡಬಡಿಸಿದೆನೋ, ಅಮ್ಮ ಎದ್ದು ಹೋಗಿ ಪಟದ ಹತ್ತಿರ ದೀಪ ಹಿಡಿದು ನೋಡಿದಳು. ನಿಂತಾಗ ಎಡಗಾಲನ್ನು ಒಳಕ್ಕೆ ತಿರುಗಿಸುವುದು ನನ್ನ ಅಭ್ಯಾಸ. ಹೆತ್ತವಳಿಗೆ ಅಷ್ಟು ಸಾಕಾಯಿತು. ಅಡುಗೆಮನೆಯಲ್ಲಿ ಅವಳ ದನಿ ಕೇಳಿಸಿತು. "ಬದುಕಿರೋ ಮಗೂಗೆ ಹಾರ ಹಾಕ್ಸಿದ್ದೀರಲ್ರೀ. ನಿಮ್ಮಕ್ಕನ ದುಃಖಕ್ಕೆ ನನ್ನ ಮಗಳನ್ನ ಕೊಟ್ಬುಟ್ರಾ?" ಅಪ್ಪ ಪಟ ಇಳಿಸುವುದಾಗಿ ಹೇಳಿ ಬಂದರು. ಬಂದವರು ಚೌಕಟ್ಟಿಗೆ ಕೈ ಹಾಕಿದರು, ಇಳಿಸಲಾರದೆ ಕೈ ಹಿಂದಕ್ಕೆ ತೆಗೆದುಬಿಟ್ಟರು. ಅದನ್ನು ಇಳಿಸಿದರೆ ಅಕ್ಕನನ್ನು ಕಳೆದುಕೊಳ್ಳಬೇಕು, ಬಿಟ್ಟರೆ ಮಗಳನ್ನು. ಹಾಗಂತ ಆ ಗಳಿಗೆಯಲ್ಲಿ ಅವರು ನಿಜಕ್ಕೂ ನಂಬಿದ್ದರು. ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು.

ಅವರನ್ನು ಪಕ್ಕಕ್ಕೆ ಸರಿಸಿ ಪಟ ಇಳಿಸಿದವಳು ಅತ್ತೆ. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಹಾರ ತೆಗೆದಳು, ಗಾಜಿನ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಅಪ್ಪ ಏನೋ ಹೇಳಹೊರಟರು.

"ಸುಮ್ಕಿರೋ. ನಂಗೆ ಅವತ್ತೇ ಗೊತ್ತಿತ್ತು. ಬೆನ್ನಿಂದೆ ಬಂದು ನಿಂತಾಗ್ಲೇ ಉಸಿರು ಗೊತ್ತಾಯ್ತು. ರತ್ನನ್ನ ನಾನು ಹೆತ್ತಿಲ್ವಾ? ಅವಳು ಇವಳಂಗೆ ನಿಂತ್ಕಂತಿರಲಿಲ್ಲ." ಆಮೇಲೆ ಪಟವನ್ನು ಗೋಡೆಗೆ ಮುಖ ಮಾಡಿ ಇಟ್ಟು, "ಗೊತ್ತಿದ್ದೂ ಇಟ್ಕಂಡೆ ಕಣೋ. ಯಾರಾದ್ರೂ ಒಬ್ರು ಪಕ್ಕದಾಗೆ ನಿಂತವ್ರಲ್ಲ ಅಂತ" ಎಂದಳು.

ನನ್ನ ಹಾಸಿಗೆಯ ಪಕ್ಕ ಕೂತು, ರತ್ನಳ ಹೆಸರು ಹಿಡಿದಲ್ಲ, ನನ್ನ ಹೆಸರು ಹಿಡಿದು, "ಜಯಾ, ಉಂಡ್ಯೇನವ್ವ?" ಎಂದು ಕೇಳಿದಳು. ನಾನು ಹ್ಞೂಂ ಅಂದೆನಂತೆ. ಡಾಕ್ಟರ ಔಷಧಿ ಅಷ್ಟು ಹೊತ್ತಿಗೆ ನಾಟಿದ್ದಿರಬೇಕು. ಜ್ವರ ಇಳಿಯಿತು. ಅತ್ತೆ ಮತ್ತೆ ಯಾವತ್ತೂ ಆ ಪಟ ಕೇಳಲಿಲ್ಲ. ಕಟ್ಟಿದ ಮಲ್ಲಿಗೆಯನ್ನು ದಿನಾ ನನ್ನ ಜಡೆಗೆ ಮುಡಿಸುತ್ತಿದ್ದಳು. ರತ್ನಳ ಮುಖ ಪೂರ್ತಿ ಮರೆತುಹೋಯಿತು ಎಂದು ಕೊನೆಗಾಲದಲ್ಲಿ ಅವಳು ನನ್ನೊಬ್ಬಳಿಗೆ ಹೇಳಿದಳು.

ಪಟ ಈಗ ನನ್ನ ಬೀರುವಿನಲ್ಲಿದೆ. ಅತ್ತೆ ಅದರಲ್ಲಿ ನಿಚ್ಚಳವಾಗಿ ಕೂತಿದ್ದಾಳೆ, ಸೀರೆಯ ಅಂಚಿನ ಎಳೆಯೂ ಎಣಿಸುವ ಹಾಗೆ. ಅಪ್ಪನ ಹಲಗೆಯಿಂದ ಒಂದು ಚೂರು ಬೆಳಕು ಸೋರಿಲ್ಲ. ಅವಳು ಹೋದಳು. ಕ್ಯಾಮರಾದ ಹಿಂದೆ ನಿಂತಿದ್ದ ಇಬ್ಬರೂ ಹೋದರು, ಕೆಸರೆಯಿಂದ ಆ ಸಂಜೆ ಮರಳಿ ಬಂದ ಅಮ್ಮನೂ ಹೋದಳು. ಅವತ್ತು ಹೊಗೆಯ ಹಾಗೆ ಬಿದ್ದವಳೊಬ್ಬಳೇ ಉಳಿದಿದ್ದೇನೆ.