ಬಚ್ಚಲ ಕಿಟಕಿಯ ಬಿಳಿ ಸೀತಾಳೆ

ಅಜ್ಜಂಪುರದ ಕಾಶಮ್ಮ ರವಿಕೆ ಹೊಲಿಯುವವರು. ಆರು ವರ್ಷದ ಹಿಂದೆ ತರೀಕೆರೆ ರಸ್ತೆ ಅಗಲ ಮಾಡಲು ಮಾವಿನ ಮರ ಉರುಳಿಸಿದಾಗ ಜನ ಸೌದೆಗೆ ಮುಗಿಬಿದ್ದರು. ಇವರು ಮಾತ್ರ ಕೊಂಬೆಗೆ ಅಂಟಿದ್ದ ಸೀತಾಳೆ ಗಿಡವನ್ನು, ಪೇಟೆಯವರು ಆರ್ಕಿಡ್ ಅನ್ನುತ್ತಾರಲ್ಲ ಅದನ್ನು, ಸೆರಗಿನಲ್ಲಿ ಸುತ್ತಿಕೊಂಡು ಬಂದರು.

ತೆಂಗಿನ ಮಟ್ಟೆಯ ಮೇಲೆ ಕೆಂಪು ರವಿಕೆ ಬಟ್ಟೆಯ ಪಟ್ಟಿಯಿಂದ ಕಟ್ಟಿ ಬಚ್ಚಲ ಕಿಟಕಿಗೆ ನೇತುಹಾಕಿದರು. ಹಂಡೆಯ ಹಬೆ ಅದಕ್ಕೆ ಹಿತ. ಬೋರ್ ನೀರು ಬಿದ್ದರೆ ಬೇರಿಗೆ ಸುಣ್ಣ ಕಟ್ಟುತ್ತದೆಂದು ಮಳೆ ನೀರನ್ನು ಕೊಡದಲ್ಲಿ ಹಿಡಿದಿಟ್ಟರು. "ನಮ್ಮನೇಲಿ ದಿನಾ ಎರಡು ಸಲ ಸ್ನಾನ ಮಾಡೋದು ಇದೊಂದೇ ಕಣ್ರೀ" ಎಂದು ನಗುತ್ತಿದ್ದರು.

ಕಳೆದ ಮೇನಲ್ಲಿ ಮೊದಲ ಹೂಗೊನೆ ಬಿಟ್ಟಿತು. ಬೇರೆಲ್ಲ ಕಡೆ ಸೀತಾಳೆಗೆ ನಸುನೇರಳೆ ಚುಕ್ಕಿಯ ಹೂ. ಇದು ಅಚ್ಚ ಬಿಳಿ.

ಸುದ್ದಿ ಕೇಳಿ ಕಡೂರಿನಿಂದ ಹೂಗಿಡ ಸಂಘದ ಕಾರ್ಯದರ್ಶಿ ರೇಣುಕಪ್ರಸಾದ್ ಬಂದರು. "ಪ್ರದರ್ಶನಕ್ಕೆ ಕೊಡಿ ತಾಯಿ, ನಿಮ್ಮ ಹೆಸರಲ್ಲೇ ಇಡ್ತೀನಿ."

"ಹೆಸರು ಬ್ಯಾಡ ಸಾ, ಗಿಡ ವಾಪಸ್ ಬಂದ್ರೆ ಸಾಕು."

"ಏನಮ್ಮಾ, ನನ್ನ ಮೇಲೇ ಅನುಮಾನವಾ?"

ಮರ್ಯಾದಸ್ಥರ ಮೇಲೆ ಅನುಮಾನ ತೋರಿಸುವುದು ತಪ್ಪೆಂದು ನಂಬಿದ ಹೆಂಗಸು, ಕೊಟ್ಟುಬಿಟ್ಟರು.

ಹತ್ತು ದಿನಕ್ಕೆ ಗಿಡ ಬಂತು, ಹೂ ಇಲ್ಲದೆ. ತೀರ್ಪುಗಾರರು ಹೂ ಕತ್ತರಿಸಿಕೊಂಡರಂತೆ.

"ಕೆಂಪು ಪಟ್ಟಿ ಹಂಗೇ ಐತಲ್ಲೇ" ಎಂದಳು ಪಕ್ಕದ ಮನೆಯ ಯಶೋದಾ.

"ಪಟ್ಟಿ ನಂದೇ ಕಣೇ. ಗಿಡ ನಂದಲ್ಲ."

ಆರು ವರ್ಷದಲ್ಲಿ ಬೇರುಗಳು ಆ ಪಟ್ಟಿಯನ್ನು ತಬ್ಬಿ ಮುಚ್ಚಿದ್ದವು. ಈಗ ಪಟ್ಟಿ ಬೇರಿನ ಮೇಲಿತ್ತು, ಗಂಟು ಹೊಸದು. ಬಟ್ಟೆಯ ಒಳಮೈಗೆ ಒಣಗಿದ ಬೇರಿನ ತುಂಡುಗಳು ಅಂಟಿದ್ದವು. ಬೇರಿಗೆ ಕತ್ತರಿ ಹಾಕದೆ ಆ ಪಟ್ಟಿ ಬಿಟ್ಟು ಬರುವುದಿಲ್ಲ.

ಮರುದಿನ ಕಡೂರಿಗೆ ಹೋದರು. ಕಾರ್ಯದರ್ಶಿಗಳ ಹಜಾರದ ಕಿಟಕಿಯಲ್ಲಿ ಬಿಳಿ ಗೊನೆ ಗಿಡದಲ್ಲೇ ಬಾಡದೆ ತೂಗುತ್ತಿತ್ತು, ಪಕ್ಕದಲ್ಲಿ ರೇಣುಕಪ್ರಸಾದರದೇ ಹೆಸರಿನ ಮೊದಲ ಬಹುಮಾನದ ಫಲಕ.

"ಎಲ್ಲಾ ಸೀತಾಳೇನೂ ಒಂದೇ ಕಣಮ್ಮಾ. ಬಚ್ಚಲಲ್ಲಿದ್ರೆ ಯಾರು ನೋಡ್ತಾರೆ?"

ಕಾಶಮ್ಮ ತಂದಿದ್ದ ಗಿಡವನ್ನು ಮೇಜಿನ ಮೇಲಿಟ್ಟರು. "ಹಂಗಾರೆ ಇದು ಯಾರ ಬಚ್ಚಲಿಂದು ಸಾ? ಆಯಮ್ಮ ಕಾಯ್ತಿರ್ತಾಳೆ, ತಲುಪಿಸ್ಬಿಡಿ."

ಕಾಶಮ್ಮ ತಮ್ಮ ಗಿಡದತ್ತ ಕೈಚಾಚಿದಾಗ ಕಾರ್ಯದರ್ಶಿ ಎದ್ದು ಕಿಟಕಿಗೆ ಅಡ್ಡ ನಿಂತರು. ಮೇಜಿನ ಮೇಲಿದ್ದ ಗಿಡದಿಂದ ಕೆಂಪು ಪಟ್ಟಿಯನ್ನಷ್ಟೇ ಬಿಚ್ಚಿಕೊಂಡು ಕಾಶಮ್ಮ ಬಸ್ಸು ಹತ್ತಿದರು.

ಹೋದ ತಿಂಗಳು ಆ ಕಾರ್ಯದರ್ಶಿಗೆ 'ಸಸ್ಯಪ್ರೇಮಿ' ಎಂದು ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದವರಿಗೆಲ್ಲ ವಿಷಯ ಗೊತ್ತಿತ್ತು.

ಅಜ್ಜಂಪುರದ ಬಚ್ಚಲ ಕಿಟಕಿಯ ಮೊಳೆ ಖಾಲಿಯಿದೆ. ಮಳೆ ನೀರಿನಲ್ಲಿ ಕಾಶಮ್ಮ ಈಗ ಬಟ್ಟೆ ಒಗೆಯುತ್ತಾರೆ.